ಚಿನ್ನಸ್ವಾಮಿಗೆ ಬೈಕಾ, ಆಟೋನಾ, ಮೆಟ್ರೋನಾ?

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಮೆಟ್ರೋಗೆ. ದಾಸರಹಳ್ಳಿಯಿಂದ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ಮೂರು ಥರದಲ್ಲೂ ಹೋಗಿ ಬಂದಿದ್ದೀನಿ. ಬೈಕ್ ಬಿಟ್ಟಿದ್ದು ಟ್ರಾಫಿಕ್ಕಿಗೂ ಅಲ್ಲ, ಪಾರ್ಕಿಂಗಿಗೂ ಅಲ್ಲ. ಹೆಲ್ಮೆಟ್ಟಿಗೆ.

ನಮ್ಮಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರಲ್ಲಿ. ಅಂದರೆ ಇಬ್ಬರು ಹೊರಟರೆ ಎರಡು ಹೆಲ್ಮೆಟ್. ಸ್ಟೇಡಿಯಂ ಗೇಟಲ್ಲಿ ಒಂದನ್ನೂ ಒಳಗೆ ಬಿಡಲ್ಲ. ಬಿಡಬಾರದು ಕೂಡ, ವಿಕೆಟ್ ಬಿದ್ದ ಸಿಟ್ಟಲ್ಲಿ ಯಾರೋ ಎಸೆದರೆ ಗತಿಯೇನು? ಆದರೆ ಇದು ಹೊಳೆಯೋದು ಮನೆಯಲ್ಲಲ್ಲ, ಬೈಕ್ ನಿಲ್ಲಿಸಿ ಕೀ ತೆಗೆದ ಮೇಲೆ.

2024ರ ಮೇ 18, ಆರ್‌ಸಿಬಿ–ಚೆನ್ನೈ ಮ್ಯಾಚು. ಭಾವಮೈದುನ ಅದು ಹೇಗೋ ಎರಡು ಟಿಕೆಟ್ ಗಿಟ್ಟಿಸಿದ್ದ. ಚರ್ಚ್ ಸ್ಟ್ರೀಟ್ ಹತ್ತಿರದ ಅಡ್ಡರಸ್ತೆಯೊಂದರಲ್ಲಿ ಬೈಕ್ ಸಿಕ್ಕಿಸಿದ್ವಿ. ಬೈಕಿನ ಪಕ್ಕದ ಕೊಕ್ಕೆಗೆ ಹಿಡಿಯೋದು ಒಂದೇ ಹೆಲ್ಮೆಟ್. ಇನ್ನೊಂದನ್ನ ಎಳನೀರಿನವರ ಹತ್ತಿರ ಇಡೋಣ ಅಂತ ಕೇಳಿದೆ. "ನಾನು ಒಂಬತ್ತಕ್ಕೆಲ್ಲಾ ಹೊರಟ್ಬಿಡ್ತೀನಿ ಕಣಣ್ಣ, ನಿಮ್ ತಲೆ ಕಾಯಕ್ಕಾಗಲ್ಲ" ಅಂದ್ರು. ಕೊನೆಗೆ ಚೈನಿನೊಳಗೆ ಅದರ ಪಟ್ಟಿ ತೂರಿಸಿ ಬೀಗ ಹಾಕಿದ್ವಿ. ಎರಡೂ ಬಾಯಿ ಮೇಲೆ ಮಾಡಿಕೊಂಡು ನೇತಾಡ್ತಿದ್ದವು. ಆಗ ಅದರಲ್ಲೇನೂ ತಪ್ಪು ಕಾಣಲಿಲ್ಲ.

ಮೂರು ಓವರ್ ಆಗಿತ್ತಷ್ಟೇ, ಮಳೆ ಶುರು. ಚಿನ್ನಸ್ವಾಮಿಗೆ ಮಳೆ ದೊಡ್ಡ ವಿಷಯವಲ್ಲ. 2017ರಿಂದ ಅಲ್ಲಿ ಸಬ್‌ಏರ್ ಅಂತ ವ್ಯವಸ್ಥೆ ಇದೆ, ನೆಲದಡಿಯ ಪೈಪುಗಳಿಂದ ನೀರನ್ನ ಹೀರಿ ಹೊರಗೆ ಹಾಕುತ್ತೆ. ಮಳೆ ನಿಂತು ಸ್ವಲ್ಪ ಹೊತ್ತಿಗೇ ಆಟ ಮತ್ತೆ ಶುರುವಾಯ್ತು. ಕೊನೇ ಓವರಿನ ಮೊದಲ ಬಾಲಿಗೆ ಧೋನಿ ಸಿಕ್ಸು, ಎರಡನೇ ಬಾಲಿಗೆ ಔಟು. 27 ರನ್ನಿಂದ ಗೆದ್ದು ಪ್ಲೇಆಫ್‌ಗೆ ಹೋದ್ವಿ. ಗಂಟಲು ಕಟ್ಟಿಕೊಂಡು ಬೈಕ್ ಹತ್ತಿರ ಬಂದ್ರೆ, ಸಬ್‌ಏರ್ ಇಲ್ಲದ ನಮ್ಮ ಹೆಲ್ಮೆಟ್‌ಗಳು ಬೋಗುಣಿಯ ಹಾಗೆ ತುಂಬಿಕೊಂಡು ಕೂತಿದ್ವು. ನೀರು ಚೆಲ್ಲಬಹುದು, ಒಳಗಿನ ಸ್ಪಂಜಿಗೆ ಏನು ಮಾಡೋದು? ಯಶವಂತಪುರ ದಾಟೋವರೆಗೂ ಕುತ್ತಿಗೆಯಿಂದ ಬೆನ್ನಿಗೆ ತಣ್ಣಗೆ ಇಳೀತಾನೇ ಇತ್ತು. "ಭಾವ, ನಂದ್ರಲ್ಲಿ ಇನ್ನೂ ಮಳೆ ಬರ್ತಿದೆ" ಅಂತ ಹಿಂದಿನಿಂದ ಅವನ ರಾಗ.

ಆಟೋ, ಕ್ಯಾಬು: ಹೋಗುವಾಗ ರಾಜ, ಬರುವಾಗ ಭಿಕ್ಷುಕ. ರಾತ್ರಿ ಹತ್ತರ ಮೇಲೆ ಆಟೋಗೆ ಮೀಟರಿನ ಒಂದೂವರೆ ಪಟ್ಟು ಅನ್ನೋದು ನಿಯಮ. ಮ್ಯಾಚ್ ಬಿಟ್ಟಾಗ ದಾಸರಹಳ್ಳಿ ಅಂದ್ರೆ ರೇಟು ಹೇಳೋದಿರಲಿ, ಗಾಡಿ ನಿಧಾನ ಮಾಡೋರೇ ಇಲ್ಲ.

ಮೆಟ್ರೋದಲ್ಲಿ ನನಗಿರೋ ತೊಂದರೆ ಮೆಜೆಸ್ಟಿಕ್. ಹಸಿರಿನಿಂದ ನೇರಳೆ ಲೈನಿಗೆ ಬದಲಾಯಿಸಬೇಕು, ಜನಜಾತ್ರೆ. ಅದು ಬಿಟ್ಟರೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದ್ರೆ ಸ್ಟೇಡಿಯಮ್ಮಿನ ಗೋಡೆ ಎದುರಿಗೇ ಇರುತ್ತೆ. ಐಪಿಎಲ್ ದಿನ ಸಾಮಾನ್ಯವಾಗಿ ಕೊನೇ ರೈಲಿನ ಸಮಯ ಮುಂದಕ್ಕೆ ಹಾಕ್ತಾರೆ, ವಾಪಸ್ ಬರೋ ಕಾಗದದ ಟಿಕೆಟನ್ನ ಮುಂಚೆಯೇ ಮಾರಿದ್ದೂ ಉಂಟು. ಸಿಕ್ಕರೆ ಹೋಗುವಾಗಲೇ ತಗೊಂಡು ಪರ್ಸಲ್ಲಿಟ್ಟರೆ ರಾತ್ರಿ ಕ್ಯೂ ತಪ್ಪುತ್ತೆ.

ಇನ್ನೊಂದು ಮಾತು, ಇದು ತಮಾಷೆಯದ್ದಲ್ಲ. 2025ರ ಜೂನ್ 4ರಂದು, ಆರ್‌ಸಿಬಿ ಕಪ್ ಗೆದ್ದ ಸಂಭ್ರಮದ ದಿನ, ಅದೇ ಗೇಟುಗಳ ಹೊರಗೆ ನೂಕುನುಗ್ಗಲಲ್ಲಿ 11 ಜನ ತೀರಿಕೊಂಡರು. ಅವತ್ತು ಜನ ಹೆಚ್ಚಾಗಿ ಕಬ್ಬನ್ ಪಾರ್ಕು, ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸದೆ ಓಡಿಸಿದ್ದರು. ಆಮೇಲಿಂದ ನಾನು ಮ್ಯಾಚ್ ಮುಗಿದ ಮೇಲೂ ಇಪ್ಪತ್ತು ನಿಮಿಷ ಸೀಟಲ್ಲೇ ಕೂತಿರ್ತೀನಿ. ಗೇಟ್ ಸಡಿಲ ಆದ ಮೇಲೆ ಎದ್ದು, ಎಂ.ಜಿ. ರೋಡ್ ನಿಲ್ದಾಣಕ್ಕೆ ನಡೀತೀನಿ. ಸ್ವಲ್ಪ ದೂರ ಹೆಚ್ಚು, ನೂಕಾಟ ಕಮ್ಮಿ.

ಕಂಠೀರವದಲ್ಲಿ ಫುಟ್‌ಬಾಲ್ ನೋಡೋದಾದ್ರೂ ಮೆಟ್ರೋನೇ ಸರಿ, ಕಬ್ಬನ್ ಪಾರ್ಕ್ ಒಳಗಿಂದ ನಡೆದು ಹೋಗೋದೇ ಒಂದು ಸುಖ. ಅರಮನೆ ಮೈದಾನದ ಸಂಗೀತ ಕಾರ್ಯಕ್ರಮಕ್ಕೆ ಮಾತ್ರ ಈ ಲೆಕ್ಕ ನಡೆಯಲ್ಲ. ಮೆಟ್ರೋ ಬಾಗಿಲಿಗೆ ಬಿಡಲ್ಲ, ಇಳಿದು ಮತ್ತೆ ಆಟೋ ಹಿಡೀಬೇಕು. ಅಲ್ಲಿಗೆ ನಾನು ಈಗಲೂ ಬೈಕಲ್ಲೇ ಹೋಗ್ತೀನಿ. ಒಬ್ಬನೇ. ಕೊಕ್ಕೆ ಒಂದು, ಹೆಲ್ಮೆಟ್ ಒಂದು, ಮೇಲೊಂದು ಪ್ಲಾಸ್ಟಿಕ್ ಕವರ್.

ನಮ್ಮನೆಯಿಂದ ದಾಸರಹಳ್ಳಿ ನಿಲ್ದಾಣಕ್ಕೆ ಕಾಲು ಗಂಟೆ ನಡಿಗೆ. ಹೋದ ಸಲ ಹೊರಡುವಾಗ ಹೆಂಡತಿ, "ಸ್ಟೇಷನ್ ತನಕ ಬೈಕಲ್ಲಿ ಹೋಗಿ ಅಲ್ಲೇ ನಿಲ್ಲಿಸ್ಬಾರ್ದಾ?" ಅಂದಳು.

"ಹೆಲ್ಮೆಟ್ ಎಲ್ಲಿಡ್ಲಿ?" ಅಂದೆ.