ಕಾಯಿಲ್ ಟ್ಯಾಟೂ ಮಷೀನು: ಕೆಲವು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬಾಕ್ಸಿನಿಂದ ತೆಗೆದು ಸೀದಾ ಚರ್ಮದ ಮೇಲೆ ಓಡಿಸುವ ಮಷೀನು ಬೇಕಾದರೆ ಇದನ್ನು ಕೊಳ್ಳಬೇಡಿ. ಸಣ್ಣ ಮೋಟಾರ್ ತಿರುಗಿ ಸೂಜಿ ಓಡಿಸುವ ರೋಟರಿ ಪೆನ್ ತಗೊಂಡು ನೆಮ್ಮದಿಯಾಗಿರಿ. ಕಾಯಿಲ್ ಮಷೀನಿನಲ್ಲಿ ಅರ್ಧ ಕೆಲಸ ಮಾಡಿದವರದ್ದು, ಇನ್ನರ್ಧ ಕೊಂಡವರದ್ದು. ಆ ಇನ್ನರ್ಧಕ್ಕೆ ಸ್ಕ್ರೂಡ್ರೈವರ್ ಹಿಡಿಯಲು ಬೇಸರವಿಲ್ಲದವರು ಮುಂದೆ ಓದಿ.

ನನ್ನದು ಮಂಗಳೂರಿನಲ್ಲಿ ಸಣ್ಣ ಸ್ಟುಡಿಯೋ. ಬಳಸುತ್ತಿರುವುದು ಎಂಟು ರ‍್ಯಾಪಿನ ಲೈನರ್. ಲೈನರ್ ಅಂದರೆ ಗೆರೆ ಎಳೆಯುವ ಮಷೀನು, ಎಂಟು ರ‍್ಯಾಪು ಅಂದರೆ ಕಾಯಿಲ್ ಮೇಲೆ ತಂತಿ ಎಂಟು ಪದರ ಸುತ್ತಿದೆ. ಕಬ್ಬಿಣದ ಫ್ರೇಮು, 22 ಮೈಕ್ರೊಫ್ಯಾರಡ್ ಕೆಪಾಸಿಟರ್, ಬೆಳ್ಳಿಯ ಕಾಂಟ್ಯಾಕ್ಟ್ ಸ್ಕ್ರೂ. ಕೈಯಲ್ಲೇ ಜೋಡಿಸಿ ಮಾರುವವರೊಬ್ಬರಿಂದ ತರಿಸಿದ್ದು. ಇದರ ಜೊತೆ ಹತ್ತು ರ‍್ಯಾಪಿನ, 47 ಮೈಕ್ರೊಫ್ಯಾರಡ್ ಶೇಡರ್, ಅಂದರೆ ನೆರಳು ಹಾಕುವ, ಬಣ್ಣ ತುಂಬುವ ಮಷೀನು ಕೂಡ ಬಂದಿತ್ತು. ಅದರ ವಿಷಯ ಕೊನೆಗೆ.

ಇದರ ಒಳಗುಟ್ಟು ದೊಡ್ಡದೇನಲ್ಲ. ಶಾಲೆಯಲ್ಲಿ ಎಲೆಕ್ಟ್ರಿಕ್ ಬೆಲ್ಲಿನ ಪಾಠ ಇತ್ತಲ್ವಾ, ಅದೇ. ಕರೆಂಟ್ ಹರಿದಾಗ ಎರಡೂ ಕಾಯಿಲ್ ಅಯಸ್ಕಾಂತವಾಗುತ್ತವೆ, ಮೇಲಿರುವ ಆರ್ಮೇಚರ್ ಬಾರನ್ನು ಕೆಳಗೆಳೆಯುತ್ತವೆ. ಬಾರ್ ಕೆಳಗೆ ಬಂದ ಕೂಡಲೇ ಮುಂದಿನ ಸ್ಪ್ರಿಂಗ್ ಕಾಂಟ್ಯಾಕ್ಟ್ ಸ್ಕ್ರೂವನ್ನು ಬಿಟ್ಟುಬಿಡುತ್ತದೆ. ಕರೆಂಟ್ ಕಟ್. ಹಿಂದಿನ ಸ್ಪ್ರಿಂಗ್ ಬಾರನ್ನು ಮತ್ತೆ ಮೇಲೆತ್ತುತ್ತದೆ, ಮುಂದಿನ ಸ್ಪ್ರಿಂಗ್ ಸ್ಕ್ರೂಗೆ ತಾಗುತ್ತದೆ, ಮತ್ತೆ ಕರೆಂಟ್. ಇದು ಸೆಕೆಂಡಿಗೆ ನೂರು ಸಲಕ್ಕೂ ಜಾಸ್ತಿ. ಬಾರಿಗೆ ಸಿಕ್ಕಿಸಿದ ಸೂಜಿಯೂ ಅಷ್ಟೇ ಸಲ ಏರಿಳಿಯುತ್ತದೆ. ತಮಾಷೆ ಏನೆಂದರೆ, 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಪೇಟೆಂಟ್ ಪಡೆದ ಮೊದಲ ಮಷೀನಿಗೆ ಎಡಿಸನ್ ಅವರ ಎಲೆಕ್ಟ್ರಿಕ್ ಪೆನ್ ಆಧಾರ, ಅದು ರೋಟರಿ ಜಾತಿಯದ್ದು. ಈಗ ಎಲ್ಲರೂ ಹೊಸದು ಅನ್ನುವ ರೋಟರಿಯೇ ಹಿರಿಯಣ್ಣ. ಡೆಟ್ರಾಯ್ಟಿನ ಪರ್ಸಿ ವಾಟರ್ಸ್ 1929ರಲ್ಲಿ ಪೇಟೆಂಟ್ ಪಡೆದ ಕಾಯಿಲ್ ಮಷೀನಿನ ಚಿತ್ರ ನೋಡಿ. ನನ್ನ ಮೇಜಿನ ಮೇಲಿರುವುದಕ್ಕೂ ಅದಕ್ಕೂ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ.

ಈಗ ಸೆಟ್ಟಿಂಗ್ ವಿಷಯ. ಮಷೀನು ಬಂದಾಗ ಓಡುತ್ತಿತ್ತು, ಆದರೆ ಲೈನರ್ ಓಡುವ ಹಾಗೆ ಓಡುತ್ತಿರಲಿಲ್ಲ. ಹೊಸ ಮಷೀನು ಕೈಗೆ ಬಂದರೆ ಪವರ್ ಕೊಡುವ ಮೊದಲು ಬಾರ್ ನೇರವಾಗಿದೆಯಾ ನೋಡಿ. ಬಾರಿನ ತುದಿಯಲ್ಲಿ ಸೂಜಿ ಸಿಕ್ಕಿಸುವ ಸಣ್ಣ ಗೂಟ ಇರುತ್ತದೆ, ನಿಪ್ಪಲ್ ಅನ್ನುತ್ತೇವೆ. ಮೇಲಿನಿಂದ ನೋಡಿದಾಗ ಅದು ಸೂಜಿ ಓಡಾಡುವ ಟ್ಯೂಬ್ ಕೂರುವ ತೂತಿನ ನಟ್ಟನಡುವೆ ಬರಬೇಕು. ಕೂದಲೆಳೆಯಷ್ಟು ವಾಲಿದ್ದರೂ ಸೂಜಿ ಟ್ಯೂಬಿನ ಒಂದು ಬದಿಗೆ ಉಜ್ಜುತ್ತದೆ. ಹಿಂದಿನ ಸ್ಪ್ರಿಂಗಿನ ಸ್ಕ್ರೂ ಸಡಿಲಿಸಿ, ಬಾರನ್ನು ಬೆರಳಿನಿಂದ ತಳ್ಳಿ ಸರಿಮಾಡಿ, ಬಿಗಿ ಮಾಡಬೇಕು. ಬಿಗಿ ಮಾಡುವಾಗ ಅದು ಮತ್ತೆ ತಿರುಗುತ್ತದೆ. ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ತಿರುಪಿ.

ಆಮೇಲೆ ಗ್ಯಾಪು. ಇಡೀ ಮಷೀನಿನ ಗುಣ ನಿಂತಿರುವುದು ಇದರ ಮೇಲೆ. ಬಾರನ್ನು ಮುಂದಿನ ಕಾಯಿಲ್‌ಗೆ ತಾಗುವ ತನಕ ಒತ್ತಿ ಹಿಡಿಯಿರಿ. ಆಗ ಕಾಂಟ್ಯಾಕ್ಟ್ ಸ್ಕ್ರೂ ತುದಿಗೂ ಮುಂದಿನ ಸ್ಪ್ರಿಂಗಿಗೂ ನಡುವೆ ಎಷ್ಟು ಸಂದು ಕಾಣುತ್ತದೋ ಅದೇ ಗ್ಯಾಪು. ಅಮೆರಿಕದವರು ಲೈನರಿಗೆ ಡೈಮ್ ನಾಣ್ಯ, ಶೇಡರಿಗೆ ನಿಕಲ್ ನಾಣ್ಯ ತೂರಿಸಿ ನೋಡುತ್ತಾರೆ. ಡೈಮ್ 1.35 ಮಿ.ಮೀ. ದಪ್ಪ, ನಿಕಲ್ 1.95. ನಮಗೆ ಆ ನಾಣ್ಯ ಯಾಕೆ ಬೇಕು ಹೇಳಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಇಟ್ಟುಕೊಳ್ಳುವ ಫೀಲರ್ ಗೇಜ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. 1 ಮಿ.ಮೀ. ಎಲೆಯ ಜೊತೆ 0.30ರ ಎಲೆ ಸೇರಿಸಿ ತೂರಿಸಿ. ಸ್ವಲ್ಪ ಹಿಡಿದ ಹಾಗೆ ಆಗಿ ಜಾರಿದರೆ ಲೈನರ್ ಸರಿ ಇದೆ. ನನ್ನ ಮಷೀನು ಬಂದಾಗ ಎರಡರ ಹತ್ತಿರ ಇತ್ತು. ಲೈನರ್ ಅಂತ ಮಾರಿದ್ದು, ಸೆಟ್ ಮಾಡಿದ್ದು ಶೇಡರಿನ ಹಾಗೆ. ಅಗ್ಗದ ಕಿಟ್‌ಗಳಲ್ಲಂತೂ ಎರಡೂ ಮಷೀನನ್ನು ಒಂದೇ ತರ ಸೆಟ್ ಮಾಡಿ ಬೇರೆ ಬೇರೆ ಹೆಸರಿನ ಸ್ಟಿಕ್ಕರ್ ಅಂಟಿಸಿ ಕಳಿಸುವುದೂ ಉಂಟು.

ಸ್ಕ್ರೂವನ್ನು ಒಳಗೆ ತಿರುಪಿದರೆ ಗ್ಯಾಪು ಕಡಿಮೆಯಾಗಿ ಮಷೀನು ಚುರುಕಾಗುತ್ತದೆ, ಸೂಜಿಯ ಓಟ ಗಿಡ್ಡವಾಗುತ್ತದೆ. ಹೊರಗೆ ತಿರುಪಿದರೆ ನಿಧಾನ, ಆದರೆ ಹೊಡೆತ ಜೋರು. ಕಾಲು ಸುತ್ತಿಗೂ ಫರಕ್ಕು ಗೊತ್ತಾಗುತ್ತದೆ. ಹಾಗಾಗಿ ಒಂದು ಸಲಕ್ಕೆ ಅಷ್ಟಕ್ಕಿಂತ ಜಾಸ್ತಿ ತಿರುಪಬೇಡಿ, ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ.

ವೋಲ್ಟೇಜ್ ನನ್ನದು ಏಳೂವರೆ ಆಸುಪಾಸು. ಕೆಳಗಿನಿಂದ ಶುರು ಮಾಡಿ ಮೇಲೆ ಹೋಗಬೇಕು. ಮಷೀನು ತಡವರಿಸದೆ ಒಂದೇ ಸಮನೆ ಓಡಲು ಶುರುವಾದ ಜಾಗದಲ್ಲಿ ನಿಲ್ಲಿಸಿ. ಸೆಟ್ಟಿಂಗ್ ಸರಿ ಇಲ್ಲದ್ದಕ್ಕೆ ವೋಲ್ಟೇಜ್ ಏರಿಸಿ ಓಡಿಸುವವರನ್ನು ನೋಡಿದ್ದೇನೆ. ಕಾಯಿಲ್ ಕೈ ಇಡಲಾರದಷ್ಟು ಬಿಸಿಯಾಗುತ್ತದೆ, ಸ್ಕ್ರೂ ತುದಿ ಸುಟ್ಟು ಕಪ್ಪಾಗುತ್ತದೆ, ಗಿರಾಕಿಯ ಚರ್ಮವೂ ಕೆಂಪೇರಿ ಊದಿಕೊಳ್ಳುತ್ತದೆ.

ವೇಗ ಅಳೆಯಲು ದುಬಾರಿ ಪವರ್ ಸಪ್ಲೈ ಬೇಕಿಲ್ಲ. ಫೋನಿನಲ್ಲಿ ಗಿಟಾರ್ ಟ್ಯೂನರ್ ಆ್ಯಪ್ ಹಾಕಿ ಮಷೀನಿನ ಪಕ್ಕ ಹಿಡಿಯಿರಿ. ಲೈನರಿಗೆ 110ರಿಂದ 125 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಹೊಡೆತ, ಚೆಂದ. ಶೇಡರಿಗೆ ನೂರರ ಕೆಳಗೆ. ಹಾರ್ಮೋನಿಯಂ ಬಾರಿಸುವ ಗೆಳೆಯರೊಬ್ಬರು ಕಣ್ಣು ಮುಚ್ಚಿ ಕೇಳಿ, "ನಿಮ್ಮ ಮಷೀನು ಬಿಳಿ ಆರಕ್ಕೆ ಸರಿಯಾಗಿ ಕೂತಿದೆ ಮಾರಾಯ್ರೆ" ಅಂದರು. ಆ್ಯಪ್ ನೋಡಿದರೆ 110, ಹಾರ್ಮೋನಿಯಮ್ಮಿನ ಆರನೇ ಬಿಳಿ ಮನೆಯದ್ದೇ ಸ್ವರ. ಯಕ್ಷಗಾನದ ಊರಿನಲ್ಲಿ ಟ್ಯಾಟೂ ಮಷೀನಿಗೂ ಶ್ರುತಿ ಹಿಡಿಯುವವರು ಸಿಗುತ್ತಾರೆ! ಆದರೆ ಆ್ಯಪ್ ಕೆಲವೊಮ್ಮೆ ಎರಡರಷ್ಟು ತೋರಿಸುತ್ತದೆ. 220 ಬಂದರೆ ಗಾಬರಿಯಾಗಬೇಡಿ, ಅರ್ಧ ಮಾಡಿಕೊಳ್ಳಿ.

ಈ ಅಂಕಿ ಯಾಕೆ ಮುಖ್ಯ ಅಂದರೆ, ಕೈಯ ವೇಗಕ್ಕೂ ಮಷೀನಿನ ವೇಗಕ್ಕೂ ಹೊಂದಬೇಕು. ಸೆಕೆಂಡಿಗೆ ಮೂರು ಸೆಂಟಿಮೀಟರ್ ಗೆರೆ ಎಳೆಯುವ ಕೈಗೆ 120 ಹರ್ಟ್ಸಿನಲ್ಲಿ ಕಾಲು ಮಿಲಿಮೀಟರಿಗೊಂದು ಚುಕ್ಕಿ ಬೀಳುತ್ತದೆ. ಕಣ್ಣಿಗೆ ಅದು ಗೆರೆ. ಅದೇ ಕೈಗೆ 80ರ ಮಷೀನು ಕೊಟ್ಟರೆ ಚುಕ್ಕಿಗಳು ದೂರದೂರ, ಗೆರೆ ತೆಳ್ಳಗೆ ಬಿಟ್ಟು ಬಿಟ್ಟು ಕಾಣುತ್ತದೆ. ಆಗ ಮತ್ತೊಮ್ಮೆ ಎಳೆಯಬೇಕು, ಎರಡನೇ ಸಲದ್ದು ಮೊದಲನೆಯದರ ಮೇಲೇ ಕೂರುವುದಿಲ್ಲ.

ನಮ್ಮ ಅಕ್ಷರಗಳಲ್ಲಿ ಇದು ತಕ್ಷಣ ಎದ್ದು ಕಾಣುತ್ತದೆ. ಇಂಗ್ಲಿಷ್ ಹೆಸರು ಹಾಕುವಾಗ ನೇರ ಗೆರೆ ಬೇಕಾದಷ್ಟು ಸಿಗುತ್ತವೆ. ಕನ್ನಡದಲ್ಲಿ ಪೂರ್ತಿ ಸುತ್ತು. ನನ್ನಲ್ಲಿ ಜಾಸ್ತಿ ಬರುವ ಬೇಡಿಕೆ "ಅಮ್ಮ", ಮಣಿಕಟ್ಟಿನ ಮೇಲೆ, ಆದಷ್ಟು ಚಿಕ್ಕದಾಗಿ. ಆ ಮ ಒತ್ತನ್ನು ಎಳೆಯುವಾಗ ಸೂಜಿ ಒಂದು ಸಣ್ಣ ಬಳಸು ಹೋಗಿ, ತಕ್ಷಣ ಹಿಂದೆ ತಿರುಗಿ, ಮೇಲಿನ ಅಕ್ಷರಕ್ಕೆ ತಾಗದೆ ನಿಲ್ಲಬೇಕು. ಸರಿಯಾಗಿ ಸೆಟ್ ಮಾಡಿದ ಕಾಯಿಲ್ ಲೈನರಿನಲ್ಲಿ 3ಆರ್‌ಎಲ್ (ಮೂರು ಸೂಜಿ ಗುಂಡಗೆ ಕೂಡಿಸಿದ) ಸೂಜಿ ಹಾಕಿದರೆ ಆ ತಿರುವಿನಲ್ಲಿ ಗೆರೆ ದಪ್ಪವಾಗುವುದಿಲ್ಲ. ಸೂಜಿ ಒಳಗೆ ಹೋಗಿ ಹೊರಬಂದದ್ದು ಬೆರಳಿಗೆ ಗೊತ್ತಾಗುತ್ತದೆ. ನಾನು ಬಳಸಿದ ರೋಟರಿಗಳಲ್ಲಿ ಗೆರೆ ಚೆನ್ನಾಗೇ ಬಂತು, ಆ ಸುಳಿವು ಮಾತ್ರ ಇಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ಇಂಕು ವರ್ಷ ಕಳೆದಂತೆ ಚರ್ಮದೊಳಗೆ ಸ್ವಲ್ಪ ಹರಡುತ್ತದೆ, ಅದು ಯಾವ ಮಷೀನಿನಲ್ಲಿ ಹಾಕಿದರೂ ಇದ್ದದ್ದೇ. ಹಾಗಾಗಿ ಒತ್ತಿನ ಒಳಗಿನ ಖಾಲಿ ಜಾಗ ಎರಡು ಮಿಲಿಮೀಟರಾದರೂ ಇಲ್ಲದಿದ್ದರೆ ನಾನು ಸ್ಟೆನ್ಸಿಲ್ ದೊಡ್ಡದು ಮಾಡಲು ಹೇಳುತ್ತೇನೆ. ಒಪ್ಪದಿದ್ದರೆ ಕೆಲಸ ಬೇಡ.

ಸೂಜಿಯ ಕಡೆ ಎರಡು ಮಾತು. ನಿಪ್ಪಲಿಗೆ ತೊಡಿಸುವ ರಬ್ಬರ್ ಬಿಲ್ಲೆ, ಅಂದರೆ ಗ್ರಾಮೆಟ್, ಸಡಿಲವಾಗಿದ್ದರೆ ಸೂಜಿ ಗಡಗಡ ಅನ್ನುತ್ತದೆ, ಗೆರೆ ನಡುಗುತ್ತದೆ. ಸೂಜಿ ಅಲುಗದ ಹಾಗೆ ಬಿಗಿಯುವ ರಬ್ಬರ್ ಬ್ಯಾಂಡ್ ಒಂದು, ಹೆಚ್ಚೆಂದರೆ ಎರಡು. ಬಾರ್ ಕೆಳಗೊತ್ತಿದಾಗ ಸೂಜಿ ಟ್ಯೂಬಿನಿಂದ ಸುಮಾರು ಎರಡು ಮಿಲಿಮೀಟರ್ ಹೊರಗೆ ಬಂದರೆ ಸಾಕು.

ಇನ್ನು ಮಳೆಗಾಲ. ಕರಾವಳಿಯವರು ಇದನ್ನು ಗಮನವಿಟ್ಟು ಓದಿ. ಸ್ಪ್ರಿಂಗ್‌ಗಳು ಸಾದಾ ಸ್ಪ್ರಿಂಗ್ ಸ್ಟೀಲು, ಸ್ಟೇನ್‌ಲೆಸ್ ಅಲ್ಲ. ಜೂನ್ ಬಂತೆಂದರೆ ಮೊದಲು ತುಕ್ಕು ಹಿಡಿಯುವುದು ಮುಂದಿನ ಸ್ಪ್ರಿಂಗಿನ ಬಾಗಿದ ಜಾಗ. ಅಲ್ಲಿ ಕೆಂಚಗೆ ಒಂದು ಚುಕ್ಕೆ ಕಂಡರೆ ಕೆಲವೇ ವಾರದಲ್ಲಿ ಅಲ್ಲೇ ಮುರಿಯುತ್ತದೆ, ಅದೂ ಯಾರದಾದರೂ ಕೈ ಮೇಲೆ ಅರ್ಧ ಗೆರೆ ಎಳೆದಿರುವಾಗ. ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ತಿಂಗಳಿಗೊಮ್ಮೆ ಹೊಲಿಗೆ ಮಷೀನಿನ ಎಣ್ಣೆ ಬಟ್ಟೆಗೆ ಹಾಕಿ ಸ್ಪ್ರಿಂಗಿಗೆ ತೆಳ್ಳಗೆ ಸವರಿ. ಕಾಂಟ್ಯಾಕ್ಟ್ ಸ್ಕ್ರೂ ತಾಗುವ ಜಾಗ ಮಾತ್ರ ಒಣಗಿರಲಿ, ಎಣ್ಣೆ ಅಲ್ಲಿ ಸುಟ್ಟು ಮಸಿಯಾಗುತ್ತದೆ. ಸ್ಪ್ರಿಂಗಿನ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ ಬರುತ್ತದೆ, 16, 18, 20 ಹೀಗೆ. ಮುರಿದದ್ದು 18ರದ್ದಾದರೆ 18ರದ್ದೇ ಹಾಕಿ. ಸಿಕ್ಕಿದ್ದನ್ನು ಹಾಕಿದರೆ ಎಲ್ಲ ಸೆಟ್ಟಿಂಗೂ ಮೊದಲಿನಿಂದ.

ಇಷ್ಟು ವರ್ಷದಲ್ಲಿ ಫ್ರೇಮಿಗೆ, ಕಾಯಿಲ್‌ಗೆ ಏನೂ ಆಗಿಲ್ಲ. ಬದಲಾಯಿಸಿದ್ದೆಲ್ಲ ಸಣ್ಣ ಸಾಮಾನು: ಸ್ಪ್ರಿಂಗು, ಗ್ರಾಮೆಟ್ಟು, ಒಂದು ಕೆಪಾಸಿಟರು. ಕೆಪಾಸಿಟರ್ ಹೋದದ್ದು ಕಿಡಿಯಿಂದ ಗೊತ್ತಾಯಿತು. ಸ್ಕ್ರೂ ತುದಿಯಲ್ಲಿ ಸಣ್ಣ ನೀಲಿ ಕಿಡಿ ಇದ್ದದ್ದೇ. ಅದು ದೊಡ್ಡದಾಗಿ ಚಟಪಟ ಅಂದರೆ ಕೆಪಾಸಿಟರ್ ನೋಡಿ. ಅದಿಲ್ಲದೆಯೂ ಮಷೀನು ಓಡುತ್ತದೆ, ಆದರೆ ಸ್ಕ್ರೂವನ್ನು ತಿಂದುಹಾಕುತ್ತದೆ. ರೇಡಿಯೋ ರಿಪೇರಿಯವರಲ್ಲಿ ಸಿಗುವ ಹತ್ತಿಪ್ಪತ್ತು ರೂಪಾಯಿಯ ಸಾಮಾನು, ಬೆಸುಗೆ ಹಾಕಿದರೆ ಮುಗಿಯಿತು. ಎಲೆಕ್ಟ್ರೊಲಿಟಿಕ್ ಆದರೆ ಪ್ಲಸ್ ಮೈನಸ್ ನೋಡಿ ಹಾಕಬೇಕು. ಮಷೀನಿಗೆ ಕರೆಂಟ್ ತರುವ ಕ್ಲಿಪ್ ಕಾರ್ಡನ್ನು ಹೇಗೆ ಸಿಕ್ಕಿಸಿದರೂ ಮಷೀನು ಓಡುತ್ತದೆ, ಕೆಪಾಸಿಟರಿಗೆ ಮಾತ್ರ ಉಲ್ಟಾ ಕರೆಂಟ್ ಆಗುವುದಿಲ್ಲ. ನಾನು ಒಂದು ಬದಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿಟ್ಟಿದ್ದೇನೆ.

ಪೆಡಲ್ ಒತ್ತಿದಾಗ ಬಾರ್ ಟಕ್ಕನೆ ಕೆಳಗೆ ಅಂಟಿಕೊಂಡು ಸದ್ದೇ ಬರದಿದ್ದರೆ ಕಾಂಟ್ಯಾಕ್ಟ್ ಸ್ಕ್ರೂ ಹಿಡಿದಿರುವ ಮುಂದಿನ ಬೈಂಡಿಂಗ್ ಪೋಸ್ಟಿನ ನೈಲಾನ್ ವಾಷರ್ ಒಡೆದಿರುತ್ತದೆ. ಪೋಸ್ಟು ಫ್ರೇಮಿಗೆ ತಾಗಿ ಶಾರ್ಟ್ ಆಗಿರುತ್ತದೆ. ಏನೂ ಆಗದೇ ಸುಮ್ಮನಿದ್ದರೆ ಮೊದಲು ಕ್ಲಿಪ್ ಕಾರ್ಡ್ ಬದಲಿಸಿ ನೋಡಿ, ಹೆಚ್ಚಿನ ಸಲ ಅದೇ.

ಕಿರಿಕಿರಿಗಳೂ ಇವೆ. ಭಾರ ಜಾಸ್ತಿ, ಅದುರುವುದೂ ಜಾಸ್ತಿ. ಎರಡು ಮೂರು ಗಂಟೆ ಆದ ಮೇಲೆ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತದೆ. ಸದ್ದಂತೂ ಕೇಳಲೇಬೇಡಿ. ಮಗಳ ಜೊತೆ ಬಂದ ತಾಯಂದಿರು ಸದ್ದಿಗೇ ಎದ್ದು ಹೊರಗೆ ಹೋಗುತ್ತಾರೆ. ಅವರ ಅಮ್ಮಂದಿರ ಕೈಯ ಹಚ್ಚೆಗೆ ಕರೆಂಟೂ ಇರಲಿಲ್ಲ, ಸದ್ದೂ ಇರಲಿಲ್ಲ, ನೋವು ಮಾತ್ರ ಇದಕ್ಕಿಂತ ಜಾಸ್ತಿ ಇದ್ದಿರಬೇಕು.

ಶುಚಿ ಮಾಡುವುದು ದೊಡ್ಡ ತಲೆನೋವು. ಸ್ಟೀಲ್ ಟ್ಯೂಬನ್ನು ಆಟೊಕ್ಲೇವಿನಲ್ಲಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ ಹಾಕಬಹುದು, ಮಷೀನನ್ನು ಹಾಕುವ ಹಾಗಿಲ್ಲ. ಎರಡು ಕಾಯಿಲ್ ನಡುವಿನ ಸಂದಿಗೆ ಇಂಕು, ರಕ್ತ ಹೋದರೆ ತೆಗೆಯುವುದು ಅಷ್ಟಕ್ಕಷ್ಟೆ. ಹಾಗಾಗಿ ಪ್ರತಿ ಗಿರಾಕಿಗೂ ಹೊಸ ಸೂಜಿ ಹೇಗೋ ಹಾಗೇ ಹೊಸ ಮಷೀನ್ ಬ್ಯಾಗು, ಹೊಸ ಕಾರ್ಡ್ ಕವರು. ಜಾತ್ರೆಯಲ್ಲಿ ಬಯಲಿನಲ್ಲಿ ಕೂತು ಒಂದೇ ಸೂಜಿಯಲ್ಲಿ ಸಾಲಾಗಿ ಹಾಕುವುದನ್ನು ಕಂಡರೆ ದಯವಿಟ್ಟು ಕೈ ಚಾಚಬೇಡಿ, ಹೆಪಟೈಟಿಸ್ ಬಿ ಮತ್ತು ಸಿ ಹರಡುವ ದಾರಿ ಅದು.

ಶೇಡರ್ ಮಾರಿಬಿಟ್ಟೆ. ಮಷೀನು ಕೆಟ್ಟದ್ದೇನಲ್ಲ. ಬಣ್ಣ ತುಂಬುವ, ನೆರಳು ಹಾಕುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ, ಅದಕ್ಕೆ ಹಗುರವಾದ ರೋಟರಿಯೇ ವಾಸಿ. ಅದರ ಸೂಜಿಯ ಕಾರ್ಟ್ರಿಜ್ ಬದಲಿಸಲು ಕ್ಷಣ ಸಾಕು. ಲೈನರ್ ಮಾತ್ರ ಯಾರು ಕೇಳಿದರೂ ಕೊಡುವುದಿಲ್ಲ. ಐದಕ್ಕೆ ಅಂಕ ಕೊಡಿ ಅಂದರೆ ಗೆರೆಗೆ ಐದು, ಶೇಡಿಂಗಿಗೆ ಮೂರು, ಮೊದಲ ಮಷೀನಾಗಿ ಕೊಳ್ಳುವವರಿಗೆ ಎರಡು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬೇಡ ಅನ್ನಬೇಡಿ, ಹೊಸ ಅಗ್ಗದ ಕಿಟ್‌ಗಿಂತ ಒಳ್ಳೆಯದೇ. ಫ್ರೇಮು ಬಿದ್ದು ಬಾಗಿದೆಯಾ ಅಂತ ಮೊದಲು ನೋಡಿ, ಬಾಗಿದ್ದರೆ ಬಾರ್ ಯಾವತ್ತೂ ನಡುವೆ ಕೂರುವುದಿಲ್ಲ. ಸ್ಕ್ರೂ ತುದಿ ಎಷ್ಟೇ ಸುಟ್ಟಿದ್ದರೂ ಚಿಂತೆಯಿಲ್ಲ, ಹೊಸದು ಸಿಗುತ್ತದೆ. ಕಾಯಿಲ್ ಹೊದಿಕೆ ಕರಗಿದ ಗುರುತಿದ್ದರೆ ಬಿಟ್ಟುಬಿಡಿ. ಮಾರುವವರ ಎದುರೇ ಹತ್ತು ನಿಮಿಷ ಓಡಿಸಿ ಕಾಯಿಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ದುಡ್ಡು ಕೊಡಿ.