ಥಾಯ್ ಹೋಟೆಲಿನಲ್ಲಿ ಗ್ರೀನ್ ಕರಿಯೋ, ಪ್ಯಾಡ್ ಥಾಯೋ?

ಕಾಸರಗೋಡಿನ ನಮ್ಮವರು ಮೊದಲ ಸಲ ಥಾಯ್ ಊಟಕ್ಕೆ ಕೂತರೆ ಗ್ರೀನ್ ಕರಿಯನ್ನೇ ತರಿಸಿ ಅಂತೀನಿ. ತೆಂಗಿನಹಾಲು, ಹಸಿಮೆಣಸು, ಬಿಸಿ ಅನ್ನ. ನಮ್ಮ ನಾಲಿಗೆಗೆ ಪರಿಚಯದ್ದೇ ಅಲ್ವಾ? ಹೊಸದೆಂದರೆ ಪರಿಮಳ. ಬಟ್ಟಲು ಮೇಜಿಗೆ ಬರುವಾಗಲೇ ಮಜ್ಜಿಗೆ ಹುಲ್ಲಿನ ವಾಸನೆ ಮೂಗಿಗೆ ಬಡಿಯುತ್ತದೆ. ತಿಳಿಹಸಿರು ಬಣ್ಣ ನೋಡಿ ಸಪ್ಪೆ ಅಂದುಕೊಳ್ಳಬೇಡಿ, ಖಾರ ಜಾಸ್ತಿಯೇ ಇರುತ್ತದೆ.

ಪ್ಯಾಡ್ ಥಾಯ್ ಎಂದರೆ ಹುರಿದ ಅಕ್ಕಿ ನೂಡಲ್ಸ್. ಹುಣಸೆಹುಳಿ, ತಾಳೆಬೆಲ್ಲ, ಮೇಲೆ ಕುಟ್ಟಿದ ನೆಲಗಡಲೆ. ಮಕ್ಕಳಿದ್ದರೆ ಇದೇ ಸರಿ. ಆರಿದರೆ ಅಂಟಿಕೊಳ್ಳುತ್ತದೆ, ಪಾರ್ಸೆಲ್ ಬೇಡ.

ಸಸ್ಯಾಹಾರಿಗಳು ಮಾತ್ರ ಮೊದಲೇ ಕೇಳಬೇಕು. ಎರಡಕ್ಕೂ ಮೀನಿನ ಸಾಸ್ ಹಾಕುವುದು ರೂಢಿ. ಪ್ಯಾಡ್ ಥಾಯ್ ಆದರೆ ಸಾಸ್, ಮೊಟ್ಟೆ, ಒಣಸಿಗಡಿ ಬಿಟ್ಟು ಹುರಿದು ಕೊಡಬಹುದು. ಗ್ರೀನ್ ಕರಿಯ ಮಸಾಲೆಯಲ್ಲೇ ಸಾಮಾನ್ಯವಾಗಿ ಸಿಗಡಿ ಪೇಸ್ಟ್ ಸೇರಿರುತ್ತದೆ, ಆಮೇಲೆ ತೆಗೆಯಲು ಆಗುವುದಿಲ್ಲ.