1,450 ರೂಪಾಯಿ ಡಬ್ಬಿಗಿಂತ ಬಿಟ್ಟಿ ವೆಬ್‌ಸೈಟೇ ಮೇಲು

ಹತ್ತನೇ ತರಗತಿಗೆ ಜೀವವಿಕಾಸ ಪಾಠ ಮಾಡಲು ಕಳೆದ ವರ್ಷ ಆನ್‌ಲೈನಲ್ಲಿ ಪಳೆಯುಳಿಕೆ ಮಾದರಿಗಳ ಡಬ್ಬಿ ತರಿಸಿದ್ದೆ. 1,450 ರೂಪಾಯಿ, ನನ್ನ ಕೈಯಿಂದಲೇ. ಕೊಡಗಿನ ನಮ್ಮೂರು ನಾಪೋಕ್ಲು ತಲುಪಲು 12 ದಿನ. ತೆಗೆದು ನೋಡಿದರೆ ಟ್ರೈಲೊಬೈಟ್‌ಗೆ (ಏಡಿಯ ಹಾಗೆ ಗಟ್ಟಿ ಕವಚದ ಹಳೇ ಸಮುದ್ರಜೀವಿ) ಅಮೋನೈಟ್ (ಸುರುಳಿ ಚಿಪ್ಪಿನ ಇನ್ನೊಂದು ಜೀವಿ) ಅಂತ ಚೀಟಿ! ಜೊತೆಗೆ ಕೋತಿ ಮೆಲ್ಲಗೆ ಎದ್ದು ನಿಂತು ಮನುಷ್ಯನಾಗುವ ಆ ಹಳೇ ಚಾರ್ಟು. ಗೋಡೆಗೆ ಹಾಕಿದ ದಿನವೇ ಒಬ್ಬ ಕೇಳಿದ: "ಮಿಸ್, ಕೋತಿಯೇ ಮನುಷ್ಯ ಆಗಿದ್ರೆ ಕೋತಿಗಳು ಇನ್ನೂ ಯಾಕಿವೆ?" ತಪ್ಪು ಅವನದಲ್ಲ, ಚಾರ್ಟಿನದು.

ಉತ್ತರ ಹುಡುಕುವಾಗ ಸಿಕ್ಕಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮ್ಯೂಸಿಯಂನವರ 'ಅಂಡರ್‌ಸ್ಟ್ಯಾಂಡಿಂಗ್ ಎವಲ್ಯೂಷನ್' ವೆಬ್‌ಸೈಟು. ಕಾಸಿಲ್ಲ. ಇಂಥ ತಪ್ಪು ತಿಳುವಳಿಕೆಗಳಿಗೇ ಅಲ್ಲಿ ಒಂದು ಪುಟ ಇದೆ. ಕೋತಿಯೂ ನಾವೂ ಒಂದೇ ಹಿರಿಯನಿಂದ ಕವಲೊಡೆದವರು, ಅಷ್ಟೇ. ಅದನ್ನು ನಾನು ಹೇಳಿದ್ದು ಹೀಗೆ: "ನಿಮ್ಮ ಐನ್‌ಮನೆ (ಕೊಡಗಿನಲ್ಲಿ ಕುಟುಂಬದ ಮೂಲ ಮನೆ) ಒಂದೇ ಅಲ್ವಾ? ಹಾಗಂತ ನೀನು ನಿನ್ನ ದೊಡ್ಡಪ್ಪನ ಮಗನ ಹೊಟ್ಟೆಯಲ್ಲಿ ಹುಟ್ಟಿದ್ದಾ?" ತರಗತಿ ಪೂರ್ತಿ ನಕ್ಕಿತು. ಮತ್ತೆ ಆ ಪ್ರಶ್ನೆ ಬರಲಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮುಂಗಾಲಿನ ಮೂಳೆಗಳ ಭಾಗ. ಕಪ್ಪೆ, ಮೊಲ, ಹಕ್ಕಿ, ಹಲ್ಲಿ ಯಾವುದೇ ಇರಲಿ, ತೋಳಿಗೆ ಒಂದು ಮೂಳೆ, ಮುಂಗೈಗೆ ಎರಡು (ಕಪ್ಪೆಯಲ್ಲಿ ಆ ಎರಡೂ ಬೆಸೆದುಕೊಂಡಿವೆ). ಆಗ ನಮ್ಮ ಶಾಲೆ ಎದುರಿನ ಕರೆಂಟು ತಂತಿಗೆ ಸಿಕ್ಕಿ ಸತ್ತ ಬಾವಲಿಯೊಂದು ಒಣಗಿ ನೇತಾಡುತ್ತಿತ್ತು. ಮಕ್ಕಳನ್ನು ವರಾಂಡಕ್ಕೆ ಕರೆದುಕೊಂಡು ಬಂದೆ. ರೆಕ್ಕೆಯೊಳಗೆ ಉದ್ದುದ್ದ ಬೆರಳುಗಳು, ಥೇಟ್ ಕೊಡೆಯ ಕಡ್ಡಿಗಳು. ಒಬ್ಬಳು ತನ್ನ ಕೈ ಅಗಲಿಸಿ ತಂತಿಯತ್ತ ಹಿಡಿದು ಎಣಿಸಿದಳು. ಇನ್ನೊಬ್ಬ, "ನಮ್ಮ ತೋಟದ ಹಾರುವ ಓತಿಗೂ ಹೀಗೇನಾ ಮಿಸ್?" ಅಂದ. ಇಲ್ಲ, ಓತಿ ಬಿಚ್ಚುವುದು ಪಕ್ಕೆಲುಬುಗಳನ್ನು. ಅದರ ಕೈ ಬೇರೆಯೇ ಇದೆ, ಎಣಿಸಿದರೆ ಅದೇ ಒಂದು, ಎರಡು. ಆ ದಿನ ಬೆಲ್ ಹೊಡೆದದ್ದೇ ಗೊತ್ತಾಗಲಿಲ್ಲ.

ಮೀನಿಗೂ ನಾಲ್ಕು ಕಾಲಿನ ಪ್ರಾಣಿಗಳಿಗೂ ನಡುವಿನ ಪಳೆಯುಳಿಕೆಯಾದ ಟಿಕ್ಟಾಲಿಕ್ ಕಥೆಯೂ ಅಲ್ಲಿ ಚೆನ್ನಾಗಿದೆ. ಸುಮಾರು 37.5 ಕೋಟಿ ವರ್ಷ ಹಳೆಯದು. ಮೀನಿನ ಹಾಗೆ ಹುರುಪೆ, ಆದರೆ ಮೀನಿಗಿಲ್ಲದ ಕುತ್ತಿಗೆ. ಇಂಥ ಪ್ರಾಣಿ ಯಾವ ಕಾಲದ ಬಂಡೆಯಲ್ಲಿ ಸಿಗಬೇಕು ಎಂದು ಮೊದಲೇ ಲೆಕ್ಕ ಹಾಕಿ, ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹುಡುಕಿ, 2004ರಲ್ಲಿ ಪಡೆದದ್ದು. ಸುಮ್ನೆ ಅದೃಷ್ಟ ಅಲ್ಲ ಅನ್ನುವುದು ಮಕ್ಕಳಿಗೆ ಹಿಡಿಸಿತು.

ಕೊರತೆ? ಹೆಚ್ಚಿನದೆಲ್ಲ ಇಂಗ್ಲಿಷ್. ಓದುವುದು ಬಹಳ, ಮೊದಲ ಸಲ ದಾರಿ ತಪ್ಪುತ್ತದೆ. ಶಿಕ್ಷಕರ ವಿಭಾಗದಿಂದ ಶುರು ಮಾಡಿ, ಅಲ್ಲಿ ತರಗತಿವಾರು ಪಾಠಗಳಿವೆ. ಜುಲೈಯಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಹಾಗಾಗಿ ಬೇಕಾದ ಚಿತ್ರಗಳನ್ನು ಮೇ ತಿಂಗಳಲ್ಲೇ ಮೊಬೈಲಿಗೆ ಇಳಿಸಿಕೊಳ್ಳುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಡಬ್ಬಿ ಸ್ಟಾಫ್ ರೂಮಿನ ಬೀರುವಿನ ಮೇಲಿದೆ. ಚೀಟಿ ಮಾತ್ರ ಸರಿ ಮಾಡಿದ್ದೇನೆ.